ಹೈದರಾಲಿ ಮತ್ತು ಕುದುರೆಯ ನಂಬಿಕೆ

ತುಮಕೂರು ಜಿಲ್ಲೆಯ ನೊಣವಿನಕೆರೆ ಸೀಮೆಗೆ ಈಶಾನ್ಯದಲ್ಲಿ ಶಿರಾ, ಪೂರ್ವದಲ್ಲಿ ಕುಣಿಗಲ್. ಶಿರಾ ಹೈದರಾಲಿಗೆ ನವಾಬನೆಂಬ ಬಿರುದು ತಂದ ಊರು. ಕುಣಿಗಲ್ಲಿನ ಕುದುರೆ ಫಾರಂ ಹೈದರ್–ಟಿಪ್ಪು ಕಾಲದಲ್ಲಿ ಆರಂಭವಾಯಿತೆಂಬುದು ಪ್ರತೀತಿ. ಓದುಬರಹ ಅರಿಯದ ಸೈನಿಕನೊಬ್ಬ ಮೈಸೂರಿನ ಅಧಿಕಾರ ಹಿಡಿದ ಕಥೆಯಲ್ಲಿ ಕುದುರೆಯ ಪಾಲು ಹಿರಿದು.

ಹೈದರ್ ಜನಿಸಿದ್ದು 1720ರ ಆಸುಪಾಸಿನಲ್ಲಿ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಎಳವೆಯಲ್ಲೇ ತಂದೆ ಫತೇ ಮಹಮ್ಮದ್ ಯುದ್ಧದಲ್ಲಿ ಮಡಿದ. ಅಣ್ಣ ಶಹಬಾಜ್ ಮೈಸೂರು ಸೇನೆಯಲ್ಲಿದ್ದ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರನ ಧೈರ್ಯವನ್ನು ಕಂಡ ಸರ್ವಾಧಿಕಾರಿ ನಂಜರಾಜಯ್ಯ 50 ರಾವುತರು, 200 ಕಾಲಾಳುಗಳ ಪಡೆಯನ್ನು ಆತನ ವಶಕ್ಕೊಪ್ಪಿಸಿದ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರಿಕೆ ದೊರೆಯಿತು. 1761ರ ಹೊತ್ತಿಗೆ ರಾಜ್ಯಾಧಿಕಾರವೇ ಕೈಸೇರಿತು.

ಮೈಸೂರಿಗೆ ಒಳ್ಳೆಯ ಯುದ್ಧಾಶ್ವಗಳು ಹೊರಗಿನಿಂದ ಬರಬೇಕಿತ್ತು. ದೂರದಿಂದ ಹೊಡೆದು ತರುವ ವರ್ತಕನಿಗೆ ದಾರಿಯಲ್ಲಿ ಕುದುರೆ ಸತ್ತರೆ ಬಂಡವಾಳವೇ ಮುಳುಗುತ್ತಿತ್ತು. ಹೈದರ್ ಇದಕ್ಕೊಂದು ಕಟ್ಟಳೆ ಮಾಡಿದ. ತನ್ನ ಸೀಮೆಯೊಳಗೆ ಸತ್ತ ಕುದುರೆಯ ಬಾಲ, ಕೇಸರಗಳನ್ನು ತಂದು ತೋರಿಸಿದವರಿಗೆ ಅರ್ಧ ಬೆಲೆ ಕೊಡಿಸುತ್ತಿದ್ದನೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. ವರ್ತಕರಿಗೆ ಭರವಸೆ ಮೂಡಿತು. ಮೈಸೂರಿನ ಲಾಯಗಳು ತುಂಬಿದವು.

ಆತನ ಅಶ್ವದಳ ಎರಡು ಬಗೆಯದು. ಸರ್ಕಾರಿ ಲಾಯದ ಕುದುರೆಯೇರುವವರದು ಒಂದು; ಸ್ವಂತ ಕುದುರೆ ತಂದು ಸೇವೆಗೆ ನಿಲ್ಲುವ ಸಿಲ್ಲೇದಾರರದು ಇನ್ನೊಂದು. ಸಿಲ್ಲೇದಾರನಿಗೆ ಕುದುರೆಯೇ ಆಸ್ತಿ. ಅದು ಹೋದರೆ ಜೀವನೋಪಾಯವೂ ಹೋಯಿತು. ಇಬ್ಬರಿಗೂ ಸವಾರಿಯ ನಿಯಮ ಮಾತ್ರ ಒಂದೇ. ಮೇಲೆ ಕುಳಿತವನು ಒಂದು ಮಗ್ಗುಲಿಗೆ ವಾಲಿದರೆ ಜೀನು ಸವೆದು ಕುದುರೆಯ ಬೆನ್ನು ಹುಣ್ಣಾಗುತ್ತದೆ. ಬೆನ್ನು ಕೆಟ್ಟ ಕುದುರೆ ದಂಡಿಗೆ ಭಾರವೇ ಸರಿ. ಕಡಿವಾಣವನ್ನು ಜಗ್ಗಿ ಜಗ್ಗಿ ಓಡಿಸಿದ ಪ್ರಾಣಿ ಗದ್ದಲದಲ್ಲಿ ಬೆದರಿ ಸವಾರನನ್ನೇ ಕೆಡವುತ್ತದೆ. ದಿನವೂ ಮೈಯುಜ್ಜಿ, ಹುರುಳಿ ತಿನ್ನಿಸಿ, ಗೊರಸು ನೋಡುವ ಕೈಯ ಪರಿಚಯವಿದ್ದ ಕುದುರೆ ತೋಪಿನ ಸದ್ದಿಗೂ ನಿಲ್ಲುತ್ತದೆ.

ಅಂಥ ಕುದುರೆಗಳ ಮೌಲ್ಯ ತಿಳಿದದ್ದು 1769ರ ಮಾರ್ಚಿಯಲ್ಲಿ. ಇಂಗ್ಲಿಷರೊಡನೆ ನಡೆದಿದ್ದ ಮೊದಲ ಮೈಸೂರು ಯುದ್ಧದಲ್ಲಿ ಹೈದರ್ ಶತ್ರುಸೈನ್ಯವನ್ನು ಮದರಾಸಿನಿಂದ ದೂರಕ್ಕೆ ಸೆಳೆದ. ತೋಪುಗಳನ್ನೂ ದೊಡ್ಡ ಸೈನ್ಯವನ್ನೂ ಹಿಂದಕ್ಕೆ ಕಳುಹಿಸಿ, ಆಯ್ದ 6,000 ರಾವುತರು ಮತ್ತು 200 ಕಾಲಾಳುಗಳೊಡನೆ ಮೂರೂವರೆ ದಿನಗಳಲ್ಲಿ 130 ಮೈಲಿ, ಎಂದರೆ ಸುಮಾರು 210 ಕಿ.ಮೀ. ಕ್ರಮಿಸಿ ಮದರಾಸಿನ ಬಾಗಿಲಿಗೆ ಬಂದು ನಿಂತ. ದಿನಕ್ಕೆ 60 ಕಿ.ಮೀ.ನಂತೆ ಸಾಗಿ ಬಂದ ಮೇಲೂ ಕುದುರೆಗಳಲ್ಲಿ ಕಾದಾಡುವ ಕಸುವು ಉಳಿದಿರಬೇಕಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು.

ಎರಡೇ ವರ್ಷಗಳಲ್ಲಿ ಸೋಲೂ ಎದುರಾಯಿತು. 1771ರಲ್ಲಿ ಮೇಲುಕೋಟೆಯಿಂದ ಹಿಂದೆಗೆಯುವಾಗ ಚಿನಕುರಳಿಯ ಬಳಿ ಮರಾಠರ ಅಶ್ವದಳ ಮೈಸೂರು ಸೈನ್ಯವನ್ನು ಚದುರಿಸಿತು. ಹೈದರ್ ಕುದುರೆಯೇರಿ ಶ್ರೀರಂಗಪಟ್ಟಣ ಸೇರಿ, ದಂಡನ್ನು ಮತ್ತೆ ಕಟ್ಟಿದ. 1780ರಲ್ಲಿ ಆತ ಕರ್ನಾಟಿಕ್ ಬಯಲಿಗೆ ಇಳಿದಾಗ ಜೊತೆಗಿದ್ದ ಕುದುರೆಗಳು ಸುಮಾರು 28,000.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ದಂಡಿನ ಬಿಡಾರದಲ್ಲಿ ಬೆನ್ನುಹುಣ್ಣಿನಿಂದ ಹೈದರ್ ಮರಣಹೊಂದಿದ. ಶರೀರವನ್ನು ಮೊದಲು ಕೋಲಾರಕ್ಕೆ, ಬಳಿಕ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅಲ್ಲಿನ ಗುಂಬಜ್‌ನಲ್ಲಿ ಆತನ ಸಮಾಧಿಯಿದೆ.