ಗಂಟೆ ಹೊಡೆಯುವ ಮುನ್ನ

ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ವರ್ಷದ ಒಂದು ಬೆಳಗು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ. ಗಂಟೆ ಹೊಡೆದ ಮೇಲೆ ಏದುಸಿರು ಬಿಡುತ್ತ ತರಗತಿಯನ್ನು ಹೊಕ್ಕೆ. ಆಮ್ಲಜನಕವನ್ನು ತಯಾರಿಸಿ ತೋರಿಸುವ ಪಾಠ ಅಂದು. ವಿಷಯ ನನಗೆ ಚೆನ್ನಾಗಿ ತಿಳಿದದ್ದೇ. ಆದುದರಿಂದ ಸಲಕರಣೆಗಳನ್ನು ಮೊದಲೇ ಪರೀಕ್ಷಿಸಿ ನೋಡುವ ಗೋಜಿಗೆ ಹೋಗಿರಲಿಲ್ಲ. ಬಿರಡೆಯಲ್ಲಿ ಬಿರುಕಿತ್ತು. ಅನಿಲವೆಲ್ಲ ಸೋರಿಹೋಗಿ, ಜಾಡಿಯ ನೀರು ಇದ್ದಂತೆಯೇ ಉಳಿಯಿತು. ಒಂದು ಗುಳ್ಳೆಯೂ ಏಳಲಿಲ್ಲ. ಹಿಂದಿನ ಬೆಂಚಿನಲ್ಲಿ ನಗೆ ಹುಟ್ಟಿತು. ನಾನು ಬಿರಡೆಯನ್ನು ದೂಷಿಸಿ, ಸಾಮಗ್ರಿಯನ್ನು ದೂಷಿಸಿ, ಐದು ನಿಮಿಷ ಸಮಜಾಯಿಷಿ ಹೇಳಿದೆ. ನಗೆಯನ್ನು ನಾನು ಎಂದೋ ಮರೆತೆ. ಮರೆಯಲಾಗದ್ದು ಮುಂದಿನ ಬೆಂಚಿನ ಒಬ್ಬ ಹುಡುಗನನ್ನು. ಆತನು ಪ್ರಯೋಗದಲ್ಲಿ ಕಂಡದ್ದು ಎಂಬ ತಲೆಬರಹವನ್ನು ಅಂದವಾಗಿ ಬರೆದುಕೊಂಡು, ಸೀಸದ ಕಡ್ಡಿ ಹಿಡಿದು ಕಾದಿದ್ದನು. ಕೊನೆಗೆ ಅದರ ಕೆಳಗೆ ಏನನ್ನೂ ಬರೆಯದೆ ಪುಸ್ತಕವನ್ನು ಮುಚ್ಚಿದನು.

ಆ ವರ್ಷದ ರಜೆಯಲ್ಲಿ ಮೈಕೇಲ್ ಫ್ಯಾರಡೆಯ ಜೀವನಚರಿತ್ರೆ ನನ್ನ ಕೈಗೆ ಬಂದಿತು. 1831ರಲ್ಲಿ ಕಾಂತದ ಚಲನೆಯಿಂದ ವಿದ್ಯುತ್ತನ್ನು ಹುಟ್ಟಿಸಿ ತೋರಿದ ಮಹಾವಿಜ್ಞಾನಿಯೆಂದು ಆತನನ್ನು ಬಲ್ಲೆ. ಮಕ್ಕಳಿಗೂ ಹಾಗೆಯೇ ಹೇಳುತ್ತಿದ್ದೆ. ಆದರೆ ಓದುತ್ತ ಹೋದಂತೆ ನನ್ನನ್ನು ಸೆರೆಹಿಡಿದವನು ಸಂಶೋಧಕ ಫ್ಯಾರಡೆಯಲ್ಲ, ಪಾಠ ಹೇಳುವ ಫ್ಯಾರಡೆ.

ಆತನು 1791ರಲ್ಲಿ ಲಂಡನ್ನಿನ ಬಳಿ ಒಬ್ಬ ಬಡ ಕಮ್ಮಾರನ ಮಗನಾಗಿ ಹುಟ್ಟಿದನು. ಶಾಲೆಯ ಓದು ಅಷ್ಟಕ್ಕಷ್ಟೆ. ಹದಿನಾಲ್ಕನೆಯ ವಯಸ್ಸಿನಲ್ಲಿ ರೀಬೋ ಎಂಬವನ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿ, ಕಟ್ಟಲು ಬಂದ ಪುಸ್ತಕಗಳನ್ನು ಓದಿ ವಿಜ್ಞಾನದ ರುಚಿ ಕಂಡನು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರ ದಯೆಯಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸರ್ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಭಾಗ್ಯ ಒದಗಿತು. ಕೇಳಿದ್ದನ್ನೆಲ್ಲ ಟಿಪ್ಪಣಿ ಮಾಡಿಕೊಂಡು, ಚಿತ್ರಗಳೊಡನೆ ಶುದ್ಧ ಪ್ರತಿ ಬರೆದು, ತಾನೇ ರಟ್ಟು ಕಟ್ಟಿ, ಸುಮಾರು 300 ಪುಟಗಳ ಆ ಗ್ರಂಥವನ್ನು ಡೇವಿಗೇ ಕಳುಹಿಸಿದನು. ಮರುವರ್ಷ ಮಾರ್ಚಿಯಲ್ಲಿ ಆ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಈ ಭಾಗವನ್ನು ಓದುತ್ತಿರುವಾಗ ನನಗೆ ನನ್ನ ಮುಂದಿನ ಬೆಂಚಿನ ಹುಡುಗನ ನೆನಪಾಗಿ, ಪುಸ್ತಕವನ್ನು ಕೆಲಹೊತ್ತು ಕೆಳಗಿಟ್ಟೆ. ಅಂದು ಡೇವಿ ಸಿದ್ಧನಾಗಿ ಬಂದಿರದಿದ್ದರೆ ಆ ಟಿಪ್ಪಣಿಯಲ್ಲಿ ಏನಿರುತ್ತಿತ್ತು?

ಸಹಾಯಕನ ಕೆಲಸವೆಂದರೆ ಉಪನ್ಯಾಸಕರಿಗೆ ಬೇಕಾದುದನ್ನು ಅಣಿಮಾಡಿ ಕೊಡುವುದು. ಫ್ಯಾರಡೆ ಅಷ್ಟಕ್ಕೆ ನಿಲ್ಲಲಿಲ್ಲ. ಉಪನ್ಯಾಸಕರನ್ನೂ ಕೇಳುಗರನ್ನೂ ಗಮನಿಸಿ ನೋಡಿದನು. ಅದೇ 1813ರ ಜೂನ್ ತಿಂಗಳಲ್ಲಿ ಗೆಳೆಯ ಬೆಂಜಮಿನ್ ಅಬ್ಬಟ್‌ನಿಗೆ ಬರೆದ ಪತ್ರಗಳಲ್ಲಿ ಪಾಠ ಹೇಳುವ ಕಲೆಯನ್ನೇ ವಿಚಾರಮಾಡಿದನು. ಕೊಠಡಿಯ ಗಾಳಿ ಬೆಳಕುಗಳು, ಮೇಜಿನ ಮೇಲಿನ ಸಲಕರಣೆಗಳ ಜೋಡಣೆ, ಮಾತಿನ ವೇಗ, ಒಂದು ಗಂಟೆಗೆ ಮೀರದ ಅವಧಿ, ಇವೆಲ್ಲವೂ ಅಲ್ಲಿ ಚರ್ಚೆಗೆ ಬಂದಿವೆ. ಉಪನ್ಯಾಸಕನು ಸಮಜಾಯಿಷಿ ಹೇಳುವುದು ಆದಷ್ಟು ವಿರಳವಾಗಿರಬೇಕೆಂಬುದು ಅಲ್ಲಿನ ಒಂದು ಅಭಿಪ್ರಾಯ. ಯಾರೂ ಗಮನಿಸದಿದ್ದ ತಪ್ಪನ್ನು ಆ ಸಮಜಾಯಿಷಿಯೇ ಎಲ್ಲರ ಕಣ್ಣಿಗೆ ಬೀಳಿಸಿದ್ದನ್ನು ಆತನು ಹಲವು ಸಲ ಕಂಡಿದ್ದನಂತೆ. ಇಪ್ಪತ್ತೊಂದು ವರ್ಷದ ಯುವಕನ ಈ ಮಾತು ನನಗೆಂದೇ ಬರೆದಂತೆ ತೋರಿತು.

ಪರರಲ್ಲಿ ಕಂಡ ದೋಷ ತನ್ನಲ್ಲಿ ಉಳಿಯಬಾರದೆಂಬ ಹಟ ಆತನಿಗಿತ್ತು. 1818ರಲ್ಲಿ ಬೆಂಜಮಿನ್ ಸ್ಮಾರ್ಟ್ ಎಂಬಾತನು ವಾಕ್ಚಾತುರ್ಯವನ್ನು ಕುರಿತು ಮಾಡಿದ ಉಪನ್ಯಾಸಗಳಿಗೆ ಹೋದನು. ಮುಂದೆ ಆತನಲ್ಲಿ ಹಣ ಕೊಟ್ಟು ಪ್ರತ್ಯೇಕವಾಗಿ ಪಾಠ ಹೇಳಿಸಿಕೊಂಡನು. 1827ರಲ್ಲಿ ಉಪನ್ಯಾಸಮಾಲೆಯನ್ನು ತಾನೇ ನಡೆಸತೊಡಗಿದಾಗ ಅದೇ ಗುರುವನ್ನು ಸಭೆಯಲ್ಲಿ ಕೂರಿಸಿ ತಪ್ಪು ಹುಡುಕಿಸಿದನು. ಮಾತನಾಡುವಾಗ ನಿಧಾನ ಎಂಬರ್ಥದ ಪದವನ್ನು ದಪ್ಪಕ್ಷರಗಳಲ್ಲಿ ಬರೆದ ಒಂದು ಕಾರ್ಡನ್ನು ಎದುರಿಗೇ ಇಟ್ಟುಕೊಳ್ಳುತ್ತಿದ್ದನು. ಉತ್ಸಾಹದಲ್ಲಿ ಅದನ್ನು ಮರೆತರೆ ಸಹಾಯಕನಾದ ಆಂಡರ್ಸನ್ ಅದನ್ನು ಮತ್ತೆ ಮುಂದೆ ತಂದಿಡಬೇಕು. ಅವಧಿ ಮುಗಿಯುತ್ತ ಬಂದಾಗ ಕಾಲವನ್ನು ಜ್ಞಾಪಿಸುವ ಇನ್ನೊಂದು ಕಾರ್ಡು. ವಿಜ್ಞಾನಲೋಕ ತಲೆಬಾಗಿದ ವ್ಯಕ್ತಿಗೆ ತನ್ನ ಸೇವಕನ ಕೈಯಿಂದ ಎಚ್ಚರಿಕೆ ಪಡೆಯುವುದು ಅವಮಾನವೆನಿಸಲಿಲ್ಲ.

ಆ ಸಂಸ್ಥೆಯಲ್ಲಿ ಕ್ರಿಸ್‌ಮಸ್ ಕಾಲದಲ್ಲಿ ಬಾಲಕ ಬಾಲಕಿಯರಿಗಾಗಿ ಏರ್ಪಡುತ್ತಿದ್ದ ಉಪನ್ಯಾಸಗಳನ್ನು ಫ್ಯಾರಡೆ ಹತ್ತೊಂಬತ್ತು ಸಲ ನಡೆಸಿಕೊಟ್ಟನು. ಅವುಗಳಲ್ಲಿ ಕಡೆಯದು 1860-61ರಲ್ಲಿ. ವಿಷಯ ಒಂದು ಮೇಣದ ಬತ್ತಿ. ಅದೇ ವಿಷಯವನ್ನು 1848ರಲ್ಲಿಯೂ ತೆಗೆದುಕೊಂಡಿದ್ದನು. ಅರವತ್ತೊಂಬತ್ತು ವಯಸ್ಸಿನ ಜಗದ್ವಿಖ್ಯಾತ ಪಂಡಿತನು ಮಕ್ಕಳ ಮುಂದೆ ಒಂದು ಬತ್ತಿಯನ್ನು ಹಚ್ಚಿಟ್ಟು ಬಾಯಿಗೆ ಬಂದುದನ್ನು ಹೇಳಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಆತನ ಮೇಜಿನ ಮೇಲೆ ಬಗೆಬಗೆಯ ಬತ್ತಿಗಳಿದ್ದವು: ಜಪಾನಿನಿಂದ ಬಂದದ್ದೊಂದು, 1782ರಲ್ಲಿ ಮುಳುಗಿದ ರಾಯಲ್ ಜಾರ್ಜ್ ಎಂಬ ಯುದ್ಧನೌಕೆಯಿಂದ ಮೇಲೆತ್ತಿದ್ದೊಂದು. ವರ್ಷಗಟ್ಟಲೆ ಉಪ್ಪುನೀರಿನಲ್ಲಿದ್ದ ಆ ಬತ್ತಿಯೂ ಹಚ್ಚಿದರೆ ಉರಿಯುವುದೆಂಬುದನ್ನು ಮಕ್ಕಳು ಕಣ್ಣಾರೆ ಕಂಡರು. ಜ್ವಾಲೆಯಿಂದ ನೀರಿಗೆ, ನೀರಿನಿಂದ ಗಾಳಿಗೆ, ಗಾಳಿಯಿಂದ ನಮ್ಮ ಉಸಿರಿಗೆ ಆರು ಉಪನ್ಯಾಸಗಳಲ್ಲಿ ಆತನು ಅವರನ್ನು ಕರೆದೊಯ್ದನು. ಕಲ್ಲು ನೆಲಕ್ಕೆ ಬೀಳುತ್ತದೆಂದು ಬಾಯಲ್ಲಿ ಹೇಳಿದರೆ ಸಾಲದು, ಕೈಬಿಟ್ಟು ಬೀಳಿಸಿ ತೋರಿಸಬೇಕು ಎಂಬುದು ಆತನ ನಿಯಮ. ಕೇಳುವವರಿಗೆ ಇದು ತಿಳಿದೇ ಇದೆ ಎಂದು ಆತನು ಎಂದೂ ಭಾವಿಸಲಿಲ್ಲ.

ಇಷ್ಟೊಂದು ಸಿದ್ಧತೆ ಪಾಠದ ಜೀವವನ್ನೇ ಹಿಂಡಿಬಿಡುವುದಿಲ್ಲವೇ, ಆ ಕ್ಷಣಕ್ಕೆ ಹೊಳೆಯುವ ಮಾತಿಗಲ್ಲವೇ ಬೆಲೆ ಎಂದು ಕೆಲವರು ಕೇಳುವುದುಂಟು. ನಾನೂ ಒಮ್ಮೆ ಹಾಗೆ ನಂಬಿ ನನ್ನ ಸೋಮಾರಿತನಕ್ಕೆ ಪ್ರತಿಭೆಯ ಹೆಸರಿಟ್ಟುಕೊಂಡಿದ್ದೆ. 1846ರ ಏಪ್ರಿಲ್ ತಿಂಗಳ ಒಂದು ಶುಕ್ರವಾರದ ಸಂಜೆ ಫ್ಯಾರಡೆ ಮಿತ್ರ ವೀಟ್‌ಸ್ಟನ್‌ನ ಉಪಕರಣವೊಂದನ್ನು ವಿವರಿಸುತ್ತಿದ್ದನು. ಹೇಳಬೇಕಾದುದು ಅವಧಿಗೆ ಮುಂಚೆಯೇ ಮುಗಿಯಿತು. ಉಳಿದ ಹೊತ್ತನ್ನು ತುಂಬಲು, ಬೆಳಕೆಂಬುದು ಬಲರೇಖೆಗಳ ಕಂಪನವಾಗಿರಬಹುದೇ ಎಂಬ ತನ್ನ ಊಹೆಯನ್ನು ಸಭೆಯ ಮುಂದಿಟ್ಟನು. ಬೆಳಕಿನ ಸ್ವರೂಪವನ್ನು ಕುರಿತು ಮ್ಯಾಕ್ಸ್‌ವೆಲ್ ಮುಂದೆ ಸ್ಥಾಪಿಸಿದ ಸಿದ್ಧಾಂತದ ಮೊದಲ ಎಳೆ ಅದು. ಆ ಮಾತು ಆ ಸಂಜೆಗೆಂದು ಸಿದ್ಧಪಡಿಸಿದ್ದಲ್ಲ, ನಿಜ. ಆದರೆ ಅದರ ಹಿಂದೆ ಮೂವತ್ತು ವರ್ಷಗಳ ಪ್ರಯೋಗವಿತ್ತು. ತುಂಬಿದ ಕೊಡ ಮಾತ್ರ ತುಳುಕೀತು. ನನ್ನ ಅಂದಿನ ಖಾಲಿ ಕೊಡ ಸದ್ದು ಮಾಡಿತು, ಅಷ್ಟೆ.

ಕೊನೆಗಾಲದಲ್ಲಿ ಫ್ಯಾರಡೆಯ ನೆನಪು ಕೈಕೊಡತೊಡಗಿತು. 1862ರ ಜೂನ್ 20ರಂದು ಆತನು ಕೊನೆಯ ಶುಕ್ರವಾರದ ಉಪನ್ಯಾಸಕ್ಕೆ ನಿಂತನು. ವಿಷಯ ಅನಿಲದ ಕುಲುಮೆ. ಆ ಸಂಜೆಗಾಗಿ ಬರೆದುಕೊಂಡ ಟಿಪ್ಪಣಿಯಲ್ಲಿ ಕುಲುಮೆಯ ವಿವರಗಳ ಜೊತೆಗೆ ಮತ್ತೊಂದು ಅಂಶವೂ ಇತ್ತು: ತನ್ನ ಜ್ಞಾಪಕಶಕ್ತಿ ಕುಂದಿದೆ, ನಿವೃತ್ತನಾಗುವ ಕಾಲ ಬಂದಿದೆ. ಬೀಳ್ಕೊಳ್ಳುವ ಮಾತಿಗೂ ಆತನು ಸಿದ್ಧನಾಗಿಯೇ ಬಂದಿದ್ದನು. 1867ರ ಆಗಸ್ಟ್ 25ರಂದು ತೀರಿಕೊಂಡನು.

ರಜೆ ಕಳೆದು ಶಾಲೆ ತೆರೆದಾಗ ಅದೇ ಪ್ರಯೋಗವನ್ನು ಮತ್ತೆ ತೋರಿಸಲು ನಿಶ್ಚಯಿಸಿದೆ. ಅಂದು ಗಂಟೆಗೆ ಮುಕ್ಕಾಲು ತಾಸು ಮುಂಚೆ ಹೋಗಿ, ಹೊಸ ಬಿರಡೆ ಹಾಕಿ, ಎರಡು ಸಲ ಪ್ರಯೋಗ ಮಾಡಿ ನೋಡಿದೆ. ಹುಡುಗರು ಬಂದರು. ಜಾಡಿಯಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಒಳಗಿಟ್ಟ ಕೆಂಡದ ಕಡ್ಡಿ ಭಗ್ಗೆಂದು ಹೊತ್ತಿಕೊಂಡಿತು. ಆದರೆ ಆ ಹುಡುಗನು ಅಲ್ಲಿರಲಿಲ್ಲ. ತಂದೆಗೆ ವರ್ಗವಾಗಿ ಬೇರೆ ಊರಿಗೆ ಹೊರಟುಹೋಗಿದ್ದನು. ಆತನ ಪುಸ್ತಕದ ಆ ಪುಟವನ್ನು ಯಾರು ತುಂಬಿದರೋ ನಾನರಿಯೆ. ಅಂದಿನಿಂದ ಗಂಟೆಗೆ ಮುಂಚೆ ತರಗತಿಯ ಬಾಗಿಲು ತೆರೆಯುವಾಗಲೆಲ್ಲ ಖಾಲಿ ಬೆಂಚುಗಳ ನಡುವೆ ಆತನು ಸೀಸದ ಕಡ್ಡಿ ಹಿಡಿದು ಕುಳಿತಿರುವಂತೆಯೇ ನನಗೆ ತೋರುತ್ತದೆ.