ಮಹಾಶರಣೆ ಆಯ್ದಕ್ಕಿ ಲಕ್ಕಮ್ಮನವರ ಪಾಕಶುದ್ಧಿ

ಪಾಕಶುದ್ಧಿ ಎಂದೊಡನೆ ನಮ್ಮ ಮನೆಗಳಲ್ಲಿ ಸ್ನಾನ, ಶುಭ್ರವಸ್ತ್ರ, ಸಾರಿಸಿದ ಒಲೆ, ಬೆಳಗಿದ ಪಾತ್ರೆಗಳು ನೆನಪಾಗುತ್ತವೆ. ಇವು ಬೇಕಾದವುಗಳೇ. ಆದರೆ ಗಡಿಗೆಯಲ್ಲಿ ಬೀಳುವ ಕಾಳು ಎಲ್ಲಿಂದ ಬಂದಿತು, ಯಾವ ಭಾವದಿಂದ ಬಂದಿತು, ಇಂದಿನ ಅಗತ್ಯಕ್ಕೆ ತಕ್ಕಷ್ಟೇ ಬಂದಿತೋ ಅಥವಾ ಅದನ್ನು ಮೀರಿ ಬಂದಿತೋ ಎಂಬುದನ್ನು ಒಲೆಯ ಮುಂದೆ ಕುಳಿತು ವಿಚಾರಿಸಿದ ತಾಯಿಯೊಬ್ಬರು 12ನೆಯ ಶತಮಾನದ ಕಲ್ಯಾಣದಲ್ಲಿದ್ದರು. ಅವರೇ ಶಿವಶರಣೆ ಆಯ್ದಕ್ಕಿ ಲಕ್ಕಮ್ಮನವರು.

ಲಕ್ಕಮ್ಮನವರೂ ಅವರ ಪತಿ ಮಾರಯ್ಯನವರೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ನಮ್ಮ ವಿಜಯಪುರ ಸೀಮೆಯವರು ಕೃಷ್ಣೆಯನ್ನು ದಾಟಿ ಹೋದರೆ ಆ ಕ್ಷೇತ್ರವು ಬಹು ದೂರದ್ದಲ್ಲ. ನಮ್ಮ ನಾಡಿನವರೇ ಆದ ಬಸವಣ್ಣನವರ ಕೀರ್ತಿಯನ್ನು ಕೇಳಿ ಈ ದಂಪತಿಗಳು ಕಲ್ಯಾಣಕ್ಕೆ ಬಂದು ನೆಲೆಸಿದರು. ಅವರಿಗೆ ಹೊಲವಿಲ್ಲ, ವ್ಯಾಪಾರವಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದೇ ಮಾರಯ್ಯನವರ ಕಾಯಕ. ಅದನ್ನು ಹಸನು ಮಾಡಿ, ಬೇಯಿಸಿ, ಜಂಗಮರಿಗೆ ನೀಡಿ, ಲಿಂಗಾರ್ಪಿತ ಮಾಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವದು ಲಕ್ಕಮ್ಮನವರ ನಿತ್ಯನೇಮ. ಇಬ್ಬರ ಹೆಸರಿನ ಹಿಂದೆಯೂ ಆಯ್ದಕ್ಕಿ ಎಂಬ ವಿಶೇಷಣವು ಹೀಗೆ ಬಂದಿರುವದು. ಇದು ಭಿಕ್ಷೆಯಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅವರು ಯಾರ ಮುಂದೆಯೂ ಕೈಯೊಡ್ಡಲಿಲ್ಲ. ನೆಲದ ಪಾಲಾಗುವ ಕಾಳನ್ನು ಲಿಂಗದ ಪಾಲು ಮಾಡಿದರು.

ಟಿಕೋಟಾ, ಬಬಲೇಶ್ವರ ಭಾಗದ ನಮ್ಮ ಹಿರಿಯರಿಗೆ ಅಕ್ಕಿಯ ಬೆಲೆ ಚೆನ್ನಾಗಿ ತಿಳಿದಿತ್ತು. ನೀರಾವರಿಯೂ ದ್ರಾಕ್ಷಿಯ ತೋಟಗಳೂ ಬರುವದಕ್ಕೆ ಮೊದಲು ಜೋಳದ ರೊಟ್ಟಿ, ನುಚ್ಚುಗಳೇ ನಿತ್ಯದ ಊಟ. ಅನ್ನವು ಹಬ್ಬಕ್ಕೆ ಮಾತ್ರ. ಅಂಥ ಮನೆಯ ಅವ್ವನು ಬೀಸುವ ಕಲ್ಲಿನ ಸುತ್ತ ಬಿದ್ದ ಕಾಳನ್ನು ಒಂದೊಂದಾಗಿ ಆಯ್ದು ಮರಕ್ಕೆ ಹಾಕುತ್ತಿದ್ದುದನ್ನು ಕಂಡವರಿಗೆ ಲಕ್ಕಮ್ಮನವರ ಬಾಳು ಸುಲಭವಾಗಿ ಅರ್ಥವಾಗುವದು.

ಈ ದಂಪತಿಗಳ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಒಂದು ದಿನ ಮಾರಯ್ಯನವರು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತರು. ಹೊತ್ತು ಮೀರಿತು, ಮನೆಯಲ್ಲಿ ಒಲೆಯು ತಣ್ಣಗಿತ್ತು. ಲಕ್ಕಮ್ಮನವರು ಕಾಯಕವು ನಿಂತಿತೆಂದು ಪತಿಯನ್ನು ಎಚ್ಚರಿಸಿದರು. ತತ್ತ್ವಚರ್ಚೆಯಲ್ಲಿ ಕುಳಿತ ಗಂಡನನ್ನು ಅಕ್ಕಿಯ ಸಲುವಾಗಿ ಎಬ್ಬಿಸುವದೇ ಎಂದು ಕೆಲವರು ಹುಬ್ಬೇರಿಸಿಯಾರು. ಆದರೆ ಆ ತಾಯಿಯ ಲೆಕ್ಕದಲ್ಲಿ ಕಾಯಕವನ್ನು ಬಿಟ್ಟು ಆಡಿದ ತತ್ತ್ವವು ಬರಿಯ ಮಾತು.

ಮಾರಯ್ಯನವರು ಅವಸರದಿಂದ ಹೊರಟರು. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಬಸವಣ್ಣನವರೇ ಇವರ ನಿಷ್ಠೆಯನ್ನು ಲೋಕಕ್ಕೆ ತೋರಿಸಲೆಂದು ಅಂದು ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂದು ಹೇಳುವವರೂ ಉಂಟು. ಹೇಗೇ ಇರಲಿ, ದಿನವೂ ಅದೇ ಅಳತೆಯನ್ನು ಹಿಡಿದ ಕೈಗೆ ವ್ಯತ್ಯಾಸವು ತಿಳಿಯದೆ ಇರದು. ಲಕ್ಕಮ್ಮನವರು ಅಕ್ಕಿಯನ್ನು ಗಡಿಗೆಗೆ ಹಾಕಲಿಲ್ಲ. ಇಷ್ಟೊಂದು ತಂದದ್ದು ನಿಮ್ಮ ಮನಸ್ಸಿನ ಆಶೆಯೋ ಎಂದು ಪತಿಯನ್ನು ಕೇಳಿದರು; ಆಶೆಯು ಬೆರೆತ ಅಕ್ಕಿಯು ಲಿಂಗಕ್ಕೆ ಸಲ್ಲದೆಂದು ತಿಳಿಸಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಮರುಮಾತಾಡದೆ ಹಿಂದಿರುಗಿ ಹೋದರು. ಹೆಂಡತಿಯ ಮಾತನ್ನು ಕೇಳಿ ಬುಟ್ಟಿಯನ್ನು ಹೊತ್ತು ಮರಳಿದ ಆ ಶರಣರ ದೊಡ್ಡತನವನ್ನೂ ನಾವು ಮರೆಯಬಾರದು.

ಅನಂತರದ ಕಥೆಯೇ ಜನರ ಬಾಯಲ್ಲಿ ಹೆಚ್ಚಾಗಿ ಉಳಿದಿರುವದು. ಬಸವಣ್ಣನವರೊಡನೆ 1,96,000 ಜಂಗಮರು ಇವರ ಗುಡಿಸಲಿಗೆ ಬಿಜಯಂಗೈಯಲು, ಲಕ್ಕಮ್ಮನವರು ಆ ಅಲ್ಪ ಅಕ್ಕಿಯಿಂದಲೇ ಎಲ್ಲರನ್ನೂ ತೃಪ್ತಿಪಡಿಸಿದರೆಂದು ಪರಂಪರೆಯು ಹೇಳುತ್ತದೆ. ಇದನ್ನು ಕೇಳಿದವರು ಆ ತಾಯಿಯು ಯಾವ ಮಂತ್ರವನ್ನು ಜಪಿಸಿ ಗಡಿಗೆಯನ್ನು ಅಕ್ಷಯ ಮಾಡಿದರೆಂದು ಕೇಳುವದುಂಟು. ಹಾಲು ಒಡೆದರೆ ಯಾರದೋ ಕಣ್ಣು ತಾಗಿತೆನ್ನುವದು, ಉಪ್ಪು ಮೆಣಸಿನಕಾಯಿಗಳನ್ನು ನಿವಾಳಿಸಿ ಒಲೆಗೆ ಹಾಕುವದು, ಬಾಗಿಲಿಗೆ ಲಿಂಬೆಹಣ್ಣನ್ನು ಕಟ್ಟುವದು ನಮ್ಮ ಮನೆಗಳಲ್ಲಿ ಇನ್ನೂ ನಡೆದಿರುವಾಗ ಇಂಥ ಪ್ರಶ್ನೆಯು ಹುಟ್ಟುವದು ಸಹಜವೇ. ನನಗಾದರೋ ಪವಾಡಕ್ಕಿಂತ ಅದರ ಹಿಂದಿನ ಗಳಿಗೆಯೇ ಹಿರಿದಾಗಿ ತೋರುವದು. ಮನೆಯಲ್ಲಿ ನಾಳೆಗೆ ಒಂದು ಹಿಡಿ ಕಾಳಿಲ್ಲ. ಎದುರಿಗೆ ತುಂಬಿದ ಬುಟ್ಟಿಯಿದೆ. ಕೊಟ್ಟವರು ಬೇಡವೆನ್ನಲಿಲ್ಲ, ನೋಡಿದವರು ಯಾರೂ ಇಲ್ಲ. ಆಗ ಅದನ್ನು ತಿರುಗಿ ಕಳಿಸಿದ ಕೈಗೆ ಬೇರೆ ಮಂತ್ರವೇಕೆ? ಮಂತ್ರಕ್ಕಾದರೂ ಶಕ್ತಿಯು ಬರುವದು ಇಂಥ ಕೈಯಿಂದಲೇ ಅಲ್ಲವೇ?

ಇನ್ನೊಂದು ಮಾತನ್ನು ಇಲ್ಲಿ ಹೇಳಬೇಕು. ಮುಷ್ಟಿ ಜೋಳವನ್ನು ಬೇರೆ ತೆಗೆದಿರಿಸಿ ಮಠಕ್ಕೆ ಸಲ್ಲಿಸುವ ಪದ್ಧತಿಯು ನಮ್ಮ ಹಿರಿಯರಲ್ಲಿತ್ತು. ಅದು ಬೀಸುವದಕ್ಕೆ ಮೊದಲು ತೆಗೆದದ್ದು, ಉಂಡು ಮಿಕ್ಕದ್ದಲ್ಲ. ಮಿಕ್ಕದ್ದನ್ನು ಕೊಟ್ಟು ದಾಸೋಹವೆನ್ನುವ ಇಂದಿನ ರೂಢಿಯನ್ನು ಲಕ್ಕಮ್ಮನವರು ಒಪ್ಪುತ್ತಿರಲಿಲ್ಲ. ಅವರ ಮನೆಯಲ್ಲಿ ಮಿಗುವಂತೆ ಬೇಯುತ್ತಲೇ ಇರಲಿಲ್ಲ.

ಅಡಿಗೆಯ ಕೆಲಸವನ್ನು ಕೀಳೆಂದು ಬಗೆಯದ ಕಾಲವದು. ಧಾನ್ಯವನ್ನು ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮನವರೂ ವಚನವನ್ನು ರಚಿಸಿದರು. ಅವರದು ಒಂದೇ ವಚನವು ನಮಗೆ ದೊರೆತಿದೆ. ಲಕ್ಕಮ್ಮನವರವು ಸುಮಾರು 25 ದೊರೆತಿವೆ. ಇಂಥ ಶರಣೆಯರ ಮಾತುಗಳು ಬಹುಕಾಲ ತಾಳೆಯೋಲೆಗಳಲ್ಲಿ ಮಲಗಿದ್ದವು. ನಮ್ಮ ವಿಜಯಪುರದಲ್ಲಿ ನೆಲೆಸಿ ಆ ಓಲೆಗಳ ಶೋಧನೆಗೆ ಬಾಳನ್ನೇ ಸವೆಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದ ಮೇಲೆ ವಚನಗಳು ಮನೆಮನೆಗೆ ತಲುಪುವ ದಾರಿಯು ತೆರೆಯಿತು.

ಅಕ್ಕಿಯ ಪ್ರಸಂಗದ ತರುವಾಯ ಮಾರಯ್ಯನವರು ಲಿಂಗೈಕ್ಯದ ನಿಲುವನ್ನು ಕುರಿತು ಪತ್ನಿಯನ್ನೇ ಕೇಳಿದರೆಂದೂ ಆಕೆಯು ಗುರುಸ್ಥಾನದಲ್ಲಿ ನಿಂತು ಬೋಧಿಸಿದರೆಂದೂ ಶೂನ್ಯಸಂಪಾದನೆಯಿಂದ ತಿಳಿದುಬರುತ್ತದೆ. ಆದರೂ ತಮ್ಮ ವಚನಗಳಿಗೆ ಅಂಕಿತವನ್ನಿಡುವಾಗ ಲಕ್ಕಮ್ಮನವರು ಪತಿಯ ಹೆಸರನ್ನು ಮುಂದಿಟ್ಟು, ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂದು ತಮ್ಮ ಊರಿನ ದೈವವನ್ನು ನೆನೆದರು.