ಟಿಪ್ಪೂ ಸುಲ್ತಾನನೂ ಮೈಸೂರಿನ ಅಗ್ನಿಬಾಣಗಳೂ

ದೀಪಾವಳಿಯ ರಾತ್ರಿ ಗೋರೆಗಾಂವಿನಲ್ಲಿ ಹೋಟೆಲಿನ ಬಾಗಿಲೆಳೆದು, ಗಲ್ಲಾದ ಲೆಕ್ಕವನ್ನೊಪ್ಪಿಸಿ ಹೊರಬಂದ ನಮ್ಮವರು ಚಾಳಿನ ಅಂಗಳದಲ್ಲಿ ಒಂದು ಗಳಿಗೆ ನಿಂತು ನೋಡುವ ನೋಟವೊಂದುಂಟು. ಹುಡುಗರು ಖಾಲಿ ಬಾಟ್ಲಿಯಲ್ಲಿ ಬಾಣವೊಂದನ್ನು ನಿಲ್ಲಿಸಿ ಬತ್ತಿಗೆ ಕಿಡಿ ತಾಗಿಸುತ್ತಾರೆ. ಅದು ಸುಯ್ಯೆಂದು ಮೇಲೇರಿ ಮೂರನೆಯ ಮಾಳಿಗೆಯ ಆಚೆಗೆ ಸಿಡಿಯುತ್ತದೆ. ಕಾಗದದ ಕೊಳವೆ, ಒಂದು ಚಿಟಿಕೆ ಮದ್ದು, ಬಿದಿರಿನ ಕಡ್ಡಿ, ಇಷ್ಟೇ ಅದರ ಬಂಡವಾಳ. ಆ ಕಾಗದದ ಕೊಳವೆಯ ಬದಲು ಕಬ್ಬಿಣದ ಕೊಳವೆಯನ್ನಿಟ್ಟರೆ ಏನಾಗುವುದೆಂಬುದನ್ನು ಇಂಗ್ಲಿಷರ ಸೈನ್ಯಕ್ಕೆ ತೋರಿಸಿಕೊಟ್ಟವರು ಕನ್ನಡ ನಾಡಿನ ಕಾರ್ಖಾನೆಗಳ ಕಮ್ಮಾರರು. ಅವರಿಂದ ಆ ಕೆಲಸವನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಮಾಡಿಸಿದವನು ಶ್ರೀರಂಗಪಟ್ಟಣದ ಟಿಪ್ಪೂ ಸುಲ್ತಾನ.

ಟಿಪ್ಪೂವಿನ ಹೆಸರೆತ್ತಿದೊಡನೆ ಇಂದಿಗೂ ನಮ್ಮವರಲ್ಲಿ ಎರಡು ಪಂಗಡಗಳಾಗುತ್ತವೆ. ಆ ವಾದವನ್ನು ಈ ಅಂಕಣದಲ್ಲಿ ತೀರ್ಮಾನಿಸುವ ಉದ್ದೇಶ ನಮಗಿಲ್ಲ. ಆದರೆ ಆತನ ಚರಿತ್ರೆಯನ್ನು ಹೇಳಹೊರಟವನು ಯಾವ ಪುಟವನ್ನೂ ಮಡಚಿಡಬಾರದು.

ಟಿಪ್ಪೂ ಹುಟ್ಟಿದ್ದು 1750ರಲ್ಲಿ, ಬೆಂಗಳೂರಿಗೆ ಸಮೀಪದ ದೇವನಹಳ್ಳಿಯಲ್ಲಿ. ಆರ್ಕಾಟಿನ ಸಂತ ಟಿಪ್ಪೂ ಮಸ್ತಾನನ ಹೆಸರನ್ನು ಮಗುವಿಗಿಟ್ಟರು. ತಂದೆ ಹೈದರಾಲಿ ಆಗಿನ್ನೂ ಮೈಸೂರು ಒಡೆಯರ ಸೈನ್ಯದ ಒಬ್ಬ ಅಧಿಕಾರಿ. ಹೈದರನ ತಂದೆ ಫತೇ ಮಹಮ್ಮದನು ಆರ್ಕಾಟಿನ ನವಾಬನಲ್ಲಿ ಬಾಣಗಾರರ ಒಂದು ತುಕಡಿಗೆ ನಾಯಕನಾಗಿದ್ದವನು. ಹೀಗೆ ಮದ್ದಿನ ವಾಸನೆ ಈ ಮನೆತನಕ್ಕೆ ಅಜ್ಜನ ಕಾಲದಿಂದಲೂ ಹತ್ತಿದ್ದು. ಹೈದರನಿಗೆ ಅಕ್ಷರ ಬಾರದು. ಆದುದರಿಂದಲೇ ಇರಬೇಕು, ಮಗನಿಗೆ ಪಾರಸಿ, ಅರಬ್ಬಿ, ಕನ್ನಡಗಳನ್ನು ಕಲಿಸುವುದಕ್ಕೆ ಪಂಡಿತರನ್ನು ನೇಮಿಸಿದನು. ಆದರೆ ಓದಿಗಿಂತಲೂ ಮೊದಲು ಹುಡುಗನ ಕೈಗೆ ಬಂದದ್ದು ಕುದುರೆಯ ಲಗಾಮು. 1767ರ ಯುದ್ಧದಲ್ಲಿ, ಇನ್ನೂ ಹದಿನೇಳರ ಪ್ರಾಯದಲ್ಲಿ, ಮದರಾಸಿನ ಸುತ್ತುಮುತ್ತಲ ಪ್ರದೇಶದ ಮೇಲೆ ದಾಳಿಯಿಟ್ಟ ದಂಡಿನ ಮುಂದೆ ಟಿಪ್ಪೂ ಇದ್ದನು.

ಇಲ್ಲಿ ಆ ಕಾಲದ ಕೋವಿಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ಊರಿನಲ್ಲಿ ಗದ್ದೆ ಕಾಯುವುದಕ್ಕೆ ಇಟ್ಟುಕೊಂಡ ಕೇಪಿನ ಕೋವಿಯನ್ನು ಕಂಡವರಿಗೆ ಇದು ಬೇಗ ತಿಳಿದೀತು. ಬಾಯಿಯಿಂದಲೇ ಮಸಿ ಸುರಿದು, ಬಾಯಿಯಿಂದಲೇ ಗುಂಡು ತುರುಕಿ, ಗಜದಿಂದ ಜಡಿದು ಈಡು ಮಾಡುವ ಕೋವಿ ಅದು. ಟಿಪ್ಪೂವಿನ ಕಾಲಕ್ಕೆ ಕೇಪು ಹುಟ್ಟಿರಲಿಲ್ಲ. ಚಕಮಕಿ ಕಲ್ಲು ಉಕ್ಕಿಗೆ ತಾಗಿ ಕಿಡಿ ಬಿದ್ದರೆ ಮದ್ದು ಹೊತ್ತಿಕೊಳ್ಳುತ್ತಿತ್ತು. ಮಳೆ ಬಂದರೆ ಅದೂ ಇಲ್ಲ. ಒಂದು ಈಡಿಗೆ ಬೇಕಾದ ಮದ್ದನ್ನೂ ಸೀಸದ ಗುಂಡನ್ನೂ ಕಾಗದದಲ್ಲಿ ಸುತ್ತಿ ತೋಟೆ ಕಟ್ಟಿ ಸಿಪಾಯಿಯ ಚೀಲಕ್ಕೆ ಹಾಕುತ್ತಿದ್ದರು. ಆತನು ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿದು, ಚಿಟಿಕೆ ಮದ್ದನ್ನು ಕಿವಿಗೆ ಹಾಕಿ, ಉಳಿದುದನ್ನು ನಳಿಗೆಗೆ ಸುರಿದು, ಗುಂಡನ್ನು ಗಜದಿಂದ ಇಳಿಸಬೇಕು. ಪಳಗಿದ ಕೈಯಾದರೆ ನಿಮಿಷಕ್ಕೆ ಎರಡು ಮೂರು ಈಡು.

ಮದ್ದು ಉರಿದಂತೆಲ್ಲ ನಳಿಗೆಯೊಳಗೆ ಮಸಿ ಕಟ್ಟುತ್ತದೆ. ಗುಂಡು ಬಿಗಿಯಾಗಿದ್ದರೆ ಕೆಲವು ಈಡುಗಳ ಮೇಲೆ ಒಳಗೆ ಇಳಿಯಲಾರದು. ಅದಕ್ಕಾಗಿ ಗುಂಡನ್ನು ನಳಿಗೆಗಿಂತ ಕಿರಿದಾಗಿ ಎರೆಯುತ್ತಿದ್ದರು. ಇಂಗ್ಲಿಷರ ಕೋವಿಯ ಬಾಯಿ ಮುಕ್ಕಾಲು ಅಂಗುಲ; ಗುಂಡು ಅದಕ್ಕಿಂತ ಅಂಗುಲದ ನೂರರಲ್ಲಿ ಆರು ಪಾಲಿನಷ್ಟು ಸಣ್ಣದು. ಈ ಸಡಿಲಿನಿಂದ ಈಡು ಬೇಗನೆ ತುಂಬುತ್ತಿತ್ತು, ಆದರೆ ಗುಂಡು ನಳಿಗೆಯ ಗೋಡೆಗೆ ಬಡಿಯುತ್ತ ಬಂದು ಎತ್ತಲೋ ಹಾರುತ್ತಿತ್ತು. ನೂರು ಗಜದಾಚೆಗೆ ಒಬ್ಬನನ್ನು ಗುರಿಯಿಟ್ಟು ಹೊಡೆಯುವುದೆಂಬುದು ಹೆಸರಿಗೆ ಮಾತ್ರ. ಇಂಗ್ಲಿಷರಾಗಲಿ, ಫ್ರೆಂಚರಾಗಲಿ, ಮೈಸೂರಿನವರಾಗಲಿ, ಈ ದೋಷದಲ್ಲಿ ಎಲ್ಲರೂ ಸಮಾನರು. ಕೋವಿಗೆ ಎಟುಕದ ದೂರದಲ್ಲಿ ಶತ್ರುವನ್ನು ಚದುರಿಸಬೇಕಾದರೆ ಫಿರಂಗಿ ಬೇಕು. ಫಿರಂಗಿಗೆ ಎತ್ತು ಬೇಕು, ರಸ್ತೆ ಬೇಕು. ಬಾಣಕ್ಕೆ ಇವು ಯಾವುವೂ ಬೇಡ. ಒಬ್ಬ ಕಾಲಾಳು ಹೆಗಲ ಮೇಲೆ ಹೊತ್ತು ಬೇಲಿಯ ಮರೆಯಿಂದ ಹಾರಿಸಬಹುದು.

ಬಾಣಗಳು ಭಾರತದಲ್ಲಿ ಹಳೆಯವೇ. ಮೈಸೂರಿನ ಬಾಣಗಳ ವೈಶಿಷ್ಟ್ಯವು ಕೊಳವೆಯ ಕಬ್ಬಿಣದಲ್ಲಿತ್ತು. ಯುರೋಪಿನಲ್ಲಿ ಕಾಗದದ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದಾಗ ಇಲ್ಲಿ ಬಡಿದು ಹದಮಾಡಿದ ಮೆದು ಕಬ್ಬಿಣದ ಕೊಳವೆಯನ್ನು ಬಳಸಿದರು. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಡೆಯುವುದರಿಂದ ಮದ್ದನ್ನು ಬಿಗಿಯಾಗಿ ಜಡಿಯಬಹುದು. ಬಿಗಿಯಾಗಿ ಜಡಿದಷ್ಟೂ ಬಾಣದ ವೇಗ ಹೆಚ್ಚು. ಸಾವಿರ ಗಜಕ್ಕೂ ಮೀರಿ ಅವು ಹಾರುತ್ತಿದ್ದವು. ಇಂಗ್ಲೆಂಡಿಗೆ ಒಯ್ದ ಇಂತಹ ಎರಡು ಬಾಣಗಳ ಅಳತೆ ದಾಖಲೆಯಾಗಿ ಉಳಿದಿದೆ. ಒಂದರ ಕೊಳವೆ ಹತ್ತು ಅಂಗುಲ ಉದ್ದ, ಎರಡೂಕಾಲು ಅಂಗುಲ ದಪ್ಪ. ಅದನ್ನು ಮೂರಡಿಗಿಂತ ಉದ್ದದ ನೇರ ಕತ್ತಿಯ ಅಲಗಿಗೆ ತೊಗಲಿನ ಪಟ್ಟಿಯಿಂದ ಬಿಗಿದಿದ್ದಾರೆ. ಇನ್ನೊಂದು ಸಣ್ಣದು, ಆರಡಿಯ ಬಿದಿರುಗಳಕ್ಕೆ ಕಟ್ಟಿದ್ದು. ಕತ್ತಿ ಕಟ್ಟಿದ ಬಾಣ ನೆಲಕ್ಕೆ ಬಿದ್ದ ಮೇಲೂ ಹೊರಳುತ್ತ ಸೀಳುತ್ತ ಹೋದರೆ ಕುದುರೆಗಳ ಗತಿಯೇನೆಂಬುದನ್ನು ವಾಚಕರೇ ಊಹಿಸಬಹುದು.

1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಈ ಬಾಣಗಳ ಹೆಸರು ಬೆಳೆಯಿತು. ಕರ್ನಲ್ ಬೇಲಿಯ ಸುಮಾರು 3,800 ಜನರ ದಂಡನ್ನು ಟಿಪ್ಪೂ ಮೊದಲೇ ದಾರಿಯಲ್ಲಿ ತಡೆದಿದ್ದನು. ಅಂದು ಹೈದರನೂ ಬಂದು ಕೂಡಿದನು. ಕದನದ ನಡುವೆ ಇಂಗ್ಲಿಷರ ಮದ್ದಿನ ಬಂಡಿಗಳಿಗೆ ಬೆಂಕಿ ತಾಗಿ ಅವು ಸಿಡಿದವು. ಮದ್ದಿಲ್ಲದ ಕೋವಿ ಬರಿಯ ದೊಣ್ಣೆ. ಸಂಜೆಗೆ ಮೊದಲೇ ಎಲ್ಲ ಮುಗಿದಿತ್ತು. ಬೇಲಿ ಸೆರೆಸಿಕ್ಕಿ ಎರಡು ವರ್ಷಗಳ ಬಳಿಕ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡನು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಈ ಕದನದ ಚಿತ್ರವಿದೆ. ಸಿಡಿಯುತ್ತಿರುವ ಮದ್ದಿನ ಬಂಡಿಯನ್ನೂ ಅದರಲ್ಲಿ ಬರೆದಿದ್ದಾರೆ. ಊರಿಗೆ ಹೋದಾಗ ಮೈಸೂರಿಗೆ ಹೋಗುವವರು ಅದನ್ನು ಬಿಡದೆ ನೋಡಿ ಬರಬೇಕು.

1782ರ ಡಿಸೆಂಬರಿನಲ್ಲಿ ಹೈದರನು ಚಿತ್ತೂರಿನ ಬಳಿ ದಂಡಿನ ಬಿಡಾರದಲ್ಲೇ ಕಾಲವಾದನು. ಟಿಪ್ಪೂ ಪಟ್ಟವೇರಿದೊಡನೆ ಆತನ ಮೇಲೆ ಬಂದದ್ದು ನಮ್ಮ ಈ ಮುಂಬಯಿಯ ಸೈನ್ಯವೇ. ಜನರಲ್ ಮ್ಯಾಥ್ಯೂಸನು ಕರಾವಳಿಯಲ್ಲಿಳಿದು ಘಟ್ಟ ಹತ್ತಿ 1783ರ ಜನವರಿಯಲ್ಲಿ ಬಿದನೂರನ್ನು, ಅಂದರೆ ನಗರವನ್ನು, ವಶಪಡಿಸಿಕೊಂಡನು. ಮೂರು ತಿಂಗಳಲ್ಲಿ ಟಿಪ್ಪೂ ಅದನ್ನು ಮರಳಿ ಪಡೆದು ಮಂಗಳೂರಿಗೆ ಇಳಿದನು. ಅಲ್ಲಿಯ ಕೋಟೆಯ ಮುತ್ತಿಗೆ ಮೇ ತಿಂಗಳಿನಿಂದ ಮುಂದಿನ ಜನವರಿಯವರೆಗೆ ನಡೆಯಿತು. ಒಳಗಿದ್ದವರು ಹಸಿವಿನಿಂದಲೂ ರೋಗದಿಂದಲೂ ಬಳಲಿ ಕೊನೆಗೆ ಕೋಟೆಯನ್ನೊಪ್ಪಿಸಿದರು. 1784ರ ಮಾರ್ಚ್ 11ರಂದು ಮಂಗಳೂರಿನ ಕೌಲು ಆಯಿತು. ಬೋಳೂರಿನ ಸುಲ್ತಾನ್ ಬತ್ತೇರಿ ಆ ಬಳಿಕದ್ದು. ಅದರ ಕೆಳಗಿನ ಕೋಣೆ ಮದ್ದಿನ ಉಗ್ರಾಣ. ಹೊಳೆಯ ಬಾಯಿಯಲ್ಲಿ ಮತ್ತೆ ಇಂಗ್ಲಿಷರ ಹಡಗು ನುಗ್ಗಬಾರದೆಂಬ ಎಚ್ಚರ ಅದರ ಕಲ್ಲುಗಳಲ್ಲಿದೆ. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲಿನ ಜಮಲಾಬಾದ್ ಕೋಟೆ 1794ರದ್ದು.

ಅದೇ 1784ರಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ ಕರಾವಳಿಯ ಕಥೋಲಿಕ ಕ್ರೈಸ್ತರನ್ನು ಮಕ್ಕಳುಮರಿಗಳೊಡನೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಇಗರ್ಜಿಗಳನ್ನು ಕೆಡವಿದರು. ಹತ್ತಾರು ಸಾವಿರ ಜನ ಹೋದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. 1799ರ ಬಳಿಕ ಹಿಂದಿರುಗಿದವರು ಸ್ವಲ್ಪ. ಕೊಡಗಿನವರ ಪಾಡೂ ಅಂತಹದೇ. ಮುಂಬಯಿಯಲ್ಲಿ ನಮ್ಮೊಡನೆ ದುಡಿಯುತ್ತಿರುವ ಎಷ್ಟೋ ಮನೆತನಗಳಲ್ಲಿ ಆ ನೆನಪು ಇನ್ನೂ ಆರಿಲ್ಲ. ಬಾಣಗಳ ಹೆಮ್ಮೆಯನ್ನು ಹೇಳುವವರು ಇದನ್ನು ನುಂಗಿಕೊಂಡು ಹೇಳಿದರೆ ಅದು ಚರಿತ್ರೆಯಾಗದು.

ಶಾಂತಿಯ ವರ್ಷಗಳಲ್ಲಿ ಟಿಪ್ಪೂ ಕಾರ್ಖಾನೆಗಳ ಕಡೆಗೆ ತಿರುಗಿದನು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲಿ ಆಯುಧಗಳ ಕೆಲಸ ನಡೆಯಿತು. ಈ ಕಾರ್ಖಾನೆಗಳ ಕೇರಿಗೆ ತಾರಾಮಂಡಲ ಪೇಟೆಯೆಂದು ಹೆಸರು; ಬೆಂಗಳೂರಿನಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಮದ್ದಿಗೆ ಮೂರು ಸಾಮಗ್ರಿ: ಪೆಟ್ಲುಪ್ಪು, ಇದ್ದಲು, ಗಂಧಕ. ನೂರು ಪಾಲಿನಲ್ಲಿ ಸುಮಾರು ಎಪ್ಪತ್ತೈದು ಪೆಟ್ಲುಪ್ಪು, ಹದಿನೈದು ಇದ್ದಲು, ಹತ್ತು ಗಂಧಕವೆಂಬುದು ಕೋವಿಮದ್ದಿನ ಪ್ರಸಿದ್ಧವಾದ ಪಾಕ. ಪೆಟ್ಲುಪ್ಪನ್ನು ನೆಲದ ಮಣ್ಣಿನಿಂದ ಬಸಿದು ತೆಗೆಯುತ್ತಿದ್ದರು, ಇದ್ದಲಿಗೆ ಕಾಡಿತ್ತು, ಗಂಧಕಕ್ಕೆ ಮಾತ್ರ ಕಡಲು ದಾಟಬೇಕು. ಮಸ್ಕತದಲ್ಲಿದ್ದ ತನ್ನ ವ್ಯಾಪಾರದ ಕೋಠಿಯಿಂದ ಅದನ್ನು ತರಿಸಿದನು. ರೇಷ್ಮೆ ಹುಳುವನ್ನು ತರಿಸಿದ್ದೂ ಅದೇ ದಾರಿಯಲ್ಲಿ.

ಕೋವಿಯ ಕೆಲಸಗಾರರಿಗಾಗಿ ಫ್ರಾನ್ಸಿನ ದೊರೆಯವರೆಗೂ ಹೋದನು. 1788ರ ಆಗಸ್ಟಿನಲ್ಲಿ ಟಿಪ್ಪೂವಿನ ಮೂವರು ರಾಯಭಾರಿಗಳು ವರ್ಸೇಯ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಬೇಡಿದ ಸೈನ್ಯ ಬರಲಿಲ್ಲ. ಕೆಲವರು ಕಸಬುದಾರರು ಬಂದರು. ಮರುವರ್ಷವೇ ಆ ದೊರೆಯ ಸಿಂಹಾಸನ ಅಲುಗಾಡತೊಡಗಿತು.

ದಂಡಿನ ಶಿಸ್ತಿಗಾಗಿ ಫತ್‌ಹುಲ್ ಮುಜಾಹಿದೀನ್ ಎಂಬ ಗ್ರಂಥವನ್ನು ಬರೆಯಿಸಿದನು. ಕುಶೂನ್ ಎಂಬ ಒಂದೊಂದು ಪಡೆಗೂ ಇನ್ನೂರು ಬಾಣಗಾರರು. ಕೊಳವೆಯ ದಪ್ಪವನ್ನೂ ಶತ್ರುವಿನ ದೂರವನ್ನೂ ಲೆಕ್ಕಹಾಕಿ ಎಷ್ಟು ಓರೆಯಾಗಿ ಹಾರಿಸಬೇಕೆಂಬುದನ್ನು ಅವರಿಗೆ ಅಭ್ಯಾಸ ಮಾಡಿಸುತ್ತಿದ್ದರು. ಹಲವು ಬಾಣಗಳನ್ನು ಒಟ್ಟಿಗೆ ಹಾರಿಸುವ ಗಾಲಿಯ ಬಂಡಿಗಳೂ ಇದ್ದವು. ಕೊನೆಯ ವರ್ಷಗಳಲ್ಲಿ ಬಾಣಗಾರರ ಸಂಖ್ಯೆ ಐದು ಸಾವಿರಕ್ಕೆ ಮುಟ್ಟಿತ್ತೆಂದು ಹೇಳುತ್ತಾರೆ.

ಆದರೂ ಸೋತನು. ಬಾಣವು ದಂಡನ್ನು ಹೆದರಿಸಬಲ್ಲದು, ಚದುರಿಸಬಲ್ಲದು. ಕೋಟೆಯ ಗೋಡೆಗೆ ಬಿರುಕು ಮಾಡುವ ಫಿರಂಗಿಯನ್ನು ಅದು ಬಾಯಿ ಮುಚ್ಚಿಸಲಾರದು. ಹಾರಿಸಿದ ಬಾಣ ಎಲ್ಲಿ ಬೀಳುವುದೆಂಬುದು ಹಾರಿಸಿದವನಿಗೇ ಪೂರ್ತಿ ತಿಳಿಯದು. ಮೇಲಾಗಿ ಮರಾಠರೂ ನಿಜಾಮನೂ ಇಂಗ್ಲಿಷರ ಕಡೆ ಸೇರಿದ್ದರು. 1791ರ ಮಾರ್ಚಿನಲ್ಲಿ ಬೆಂಗಳೂರು ಬಿತ್ತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಡಬೇಕಾಯಿತು.

1799ರಲ್ಲಿ ಮತ್ತೆ ಎರಡು ಕಡೆಯಿಂದ ಸೈನ್ಯ ಬಂದಿತು. ಮುಂಬಯಿಯ ದಂಡು ಕಣ್ಣಾನೂರಿನಿಂದ ಕೊಡಗಿನ ಮೂಲಕ ಹತ್ತಿ ಬಂದಾಗ, ಮಾರ್ಚ್ 6ರಂದು ಪಿರಿಯಾಪಟ್ಟಣದ ಬಳಿ ಅದನ್ನು ತಡೆಯಲು ಹೋಗಿ ಟಿಪ್ಪೂ ವಿಫಲನಾದನು. ಜನರಲ್ ಹ್ಯಾರಿಸನು ಮದರಾಸಿನ ಕಡೆಯಿಂದ ಶ್ರೀರಂಗಪಟ್ಟಣವನ್ನು ಮುಟ್ಟಿದನು. ಏಪ್ರಿಲ್ 5ರ ಕತ್ತಲೆಯಲ್ಲಿ ಸುಲ್ತಾನ್ ಪೇಟೆಯ ತೋಪಿಗೆ ನುಗ್ಗಿದ ಆರ್ಥರ್ ವೆಲ್ಲೆಸ್ಲಿಯ ತುಕಡಿ ಬಾಣ ಮತ್ತು ಕೋವಿಗಳ ಈಡಿಗೆ ಸಿಕ್ಕಿ ದಿಕ್ಕುತಪ್ಪಿತು. ಆತನ ಮೊಣಕಾಲಿಗೂ ಪೆಟ್ಟಾಯಿತು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ಆ ರಾತ್ರಿಯ ಸೋಲನ್ನು ಆತನು ಮರೆಯಲಿಲ್ಲವಂತೆ. ಮೇ 2ರಂದು ಕೋಟೆಯೊಳಗಣ ಬಾಣಗಳ ಉಗ್ರಾಣಕ್ಕೆ ಹೊರಗಿನ ಗುಂಡು ತಾಗಿತು. ಶತ್ರುವಿಗೆಂದು ಕೂಡಿಟ್ಟ ಮದ್ದು ತನ್ನವರ ನಡುವೆಯೇ ಸಿಡಿಯಿತು. ಮೇ 4ರ ಮಧ್ಯಾಹ್ನ ಬಿಸಿಲೇರಿದ ಹೊತ್ತಿನಲ್ಲಿ, ಕಾವೇರಿಯ ನೀರು ತಗ್ಗಿದ್ದಾಗ, ಇಂಗ್ಲಿಷರು ಹೊಳೆ ದಾಟಿ ಬಿರುಕಿನಿಂದ ಒಳನುಗ್ಗಿದರು. ಟಿಪ್ಪೂ ಕೋಟೆಯ ಬಾಗಿಲೊಂದರ ಬಳಿ ಕಾದಾಡುತ್ತ ಗುಂಡಿಗೆ ಬಿದ್ದನು. ರಾತ್ರಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿ ದೇಹವನ್ನು ಗುರುತಿಸಿದರು. ಮರುದಿನ ತಂದೆಯ ಗೋರಿಯ ಪಕ್ಕದಲ್ಲಿ ಹುಗಿದರು.

ಗೆದ್ದವರು ಕೋಟೆಯ ಸಾಮಾನುಗಳ ಪಟ್ಟಿ ಮಾಡಿದರು. 929 ಫಿರಂಗಿಗಳು, ಸುಮಾರು 99 ಸಾವಿರ ಕೋವಿಗಳು, ಬಾಣ ಹಾರಿಸುವ 600 ಸಾಧನಗಳು, ಸಿದ್ಧವಾಗಿದ್ದ 700 ಬಾಣಗಳು, ಇನ್ನೂ ಮದ್ದು ತುಂಬದಿದ್ದ 9,000 ಖಾಲಿ ಕೊಳವೆಗಳು. ಈ ಖಾಲಿ ಕೊಳವೆಗಳ ಸಂಖ್ಯೆಯನ್ನು ಓದಿದಾಗ ನಮ್ಮ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ಅವುಗಳನ್ನು ಬಡಿದ ಕಮ್ಮಾರರಲ್ಲಿ ಒಬ್ಬನ ಹೆಸರನ್ನೂ ಯಾರೂ ಬರೆದಿಡಲಿಲ್ಲ.

ಬಾಣದ ಮಾದರಿಗಳು ಲಂಡನ್ನಿನ ಬಳಿಯ ವುಲಿಚ್ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿ ವಿಲಿಯಮ್ ಕಾಂಗ್ರೀವ್ ಎಂಬಾತನು 1804ರಿಂದ ಪ್ರಯೋಗಗಳನ್ನು ನಡೆಸಿ, ಮದ್ದಿನ ಪ್ರಮಾಣವನ್ನೂ ಕೊಳವೆಯನ್ನೂ ತಿದ್ದಿ ದೊಡ್ಡ ಬಾಣಗಳನ್ನು ಮಾಡಿದನು. 1806ರಲ್ಲಿ ಫ್ರಾನ್ಸಿನ ಬುಲೋನ್ ಬಂದರದ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ, 1814ರಲ್ಲಿ ಅಮೆರಿಕೆಯ ಬಾಲ್ಟಿಮೋರ್ ಕೋಟೆಯ ಮೇಲೆ ಅವು ಬಿದ್ದವು. ಅಮೆರಿಕನ್ನರ ರಾಷ್ಟ್ರಗೀತೆಯಲ್ಲಿ ಬರುವ ಬಾಣಗಳ ಮಾತು ಆ ರಾತ್ರಿಯದು. 1960ರ ದಶಕದಲ್ಲಿ ಅದೇ ಅಮೆರಿಕೆಯ ವಾಲಪ್ಸ್ ದ್ವೀಪದ ಕೇಂದ್ರಕ್ಕೆ ತರಬೇತಿಗೆಂದು ಹೋದ ಅಬ್ದುಲ್ ಕಲಾಮರು ಅಲ್ಲಿಯ ಗೋಡೆಯ ಮೇಲೆ ಟಿಪ್ಪೂವಿನ ಬಾಣಗಾರರ ಚಿತ್ರವನ್ನು ಕಂಡರು.

ಇಲ್ಲಿ ಊರಿನಲ್ಲಿ ಉಳಿದವು ನೆಲದೊಳಗೆ ಇದ್ದವು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಗರದಲ್ಲಿ, ಮ್ಯಾಥ್ಯೂಸನು ಹಿಡಿದು ಕಳೆದುಕೊಂಡ ಅದೇ ನಗರದಲ್ಲಿ, ಹಾಳುಬಿದ್ದ ಬಾವಿಯೊಂದರ ಹೂಳು ತೆಗೆಯುವಾಗ 2002ರಲ್ಲಿ ಕೆಲವು ತುಕ್ಕು ಹಿಡಿದ ಕೊಳವೆಗಳು ಸಿಕ್ಕವು. ಅವೇನೆಂದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. 2018ರಲ್ಲಿ ಪುರಾತತ್ವ ಇಲಾಖೆಯವರು ಆ ಬಾವಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಬಾವಿಯ ಕೆಸರು ಆಗಲೂ ಮದ್ದಿನ ವಾಸನೆ ಬೀರುತ್ತಿತ್ತು. ಅವುಗಳನ್ನು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು.